ಮಂಗಳವಾರದ ದರ

ಜುಲೇಖಾ ಆಪಾ ಹುಬ್ಬಳ್ಳಿ ದಾಟಿ ಹೋದವರಲ್ಲ. ಆದರೆ ಅಜ್ಮೇರಿನ ಯಾವ ಓಣಿಯ ಯಾವ ಲಾಡ್ಜಿನಲ್ಲಿ ಬೆಳಿಗ್ಗೆ ಎಷ್ಟು ಹೊತ್ತಿನವರೆಗೆ ಬಿಸಿನೀರು ಬರುತ್ತದೆ ಎಂಬುದನ್ನು ಹೊಲಿಗೆ ಮಷೀನಿನಿಂದ ತಲೆ ಎತ್ತದೆ ಹೇಳುತ್ತಿದ್ದರು.

ಸವಣೂರಿನಲ್ಲಿ ಸೀರೆಗಳಿಗೆ ಫಾಲು, ಪಿಕೋ ಮಾಡುವುದು ಅವರ ಕಸುಬು. ನಾನು ಹಾನಗಲ್ಲಿನವಳು, ಇಲ್ಲಿನ ಶಾಲೆಗೆ ವರ್ಗವಾಗಿ ಬಂದು ಅವರ ಪಕ್ಕದ ಖೋಲಿ ಹಿಡಿದಿದ್ದೆ. ಇಬ್ಬರೂ ಒಂಟಿ. ಸಂಜೆಯಾದರೆ ಚಹಾದ ನೆಪ ಮಾಡಿಕೊಂಡು ಅವರ ಮನೆಗೆ ಹೋಗಿ ಕೂರುತ್ತಿದ್ದೆ. ದಾರದ ಡಬ್ಬಿಗೆ ಒರಗಿಸಿಟ್ಟ ಮೊಬೈಲಿನ ಮುಂದೆ ಎಲ್ಲಿಗೋ ಹೊರಟವರು ಯಾರಾದರೂ ಇದ್ದೇ ಇರುತ್ತಿದ್ದರು. ಕಡಿಮೆ ಖರ್ಚಿನಲ್ಲಿ ಊರು ನೋಡಬೇಕೆನ್ನುವವರಿಗೆಲ್ಲ ಆಪಾನೇ ಗತಿ. ಶಿಗ್ಗಾವಿಯಿಂದಲೂ ಹುಡುಕಿಕೊಂಡು ಬರುತ್ತಿದ್ದರು. ಆಪಾ ಯಾರಿಂದಲೂ ಏನೂ ತೆಗೆದುಕೊಳ್ಳುತ್ತಿರಲಿಲ್ಲ. ಹೋಗಿ ಬಂದವರು ಅಲ್ಲಿ ಏನೇನು ನೋಡಿದೆವೆಂದು ಕೂತು ಹೇಳಬೇಕು, ಅಷ್ಟೇ.

ದರ ನೋಡುವುದಕ್ಕೆ ಅವರದೇ ಒಂದು ಕ್ರಮವಿತ್ತು. ಮೈಸೂರಿಗೆ ಹೋಗುವವರಿದ್ದರೆ ಮೊದಲು ಗೋವಾ, ಮುಂಬೈ ಎಂದು ಹುಡುಕಿ, ಬೇಜಾರಾದವರಂತೆ ಅದನ್ನು ಮುಚ್ಚಿ, ಆಮೇಲೆ ಮೈಸೂರಿಗೆ ಬರುತ್ತಿದ್ದರು. “ಅಕ್ಕಿಆಲೂರ ಸಂತ್ಯಾಗ ಬದನಿಕಾಯಿ ಬೇಕಾದ್ರ ಮೊದಲ ಉಳ್ಳಾಗಡ್ಡಿ ರೇಟ್ ಕೇಳೂದಿಲ್ಲೇನ್ರಿ ಟೀಚರ? ಇದೂ ಹಂಗ. ನಮಗ ಅದ ಬೇಕಂತ ಮೊಬೈಲಿಗೆ ತಿಳೀತಂದ್ರ ಏರಿಸೇ ಬಿಡ್ತೈತಿ” ಎನ್ನುತ್ತಿದ್ದರು. ಮೊಬೈಲು ಮೋಸಹೋಗುತ್ತಿತ್ತೋ ಇಲ್ಲವೋ ದೇವರೇ ಬಲ್ಲ. ನಾನಂತೂ ನಂಬಿ, ಅದನ್ನೇ ಕಲಿತೆ.

ಒಮ್ಮೆ ಮಾಸೂರಿನ ಗದ್ದೆ ಕೆಲಸದ ಹೆಂಗಸರು ಆರು ಮಂದಿ ವಿಜಯಪುರ ನೋಡಲು ಹೊರಟರು. ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ಟಿನ ಖರ್ಚಿಲ್ಲ; ಉಳಿದುಕೊಳ್ಳಲು ಜಾಗ ಬೇಕಿತ್ತಷ್ಟೇ. ಆಪಾ ಲಾಡ್ಜುಗಳ ಬಗ್ಗೆ ಜನ ಬರೆದದ್ದನ್ನು ಓದತೊಡಗಿದರು. “ಹೊಗಳಿದ್ದು ಓದಬ್ಯಾಡ್ರಿ, ಬೈದಿದ್ದು ಓದ್ರಿ. ಹೊಗಳಾವ್ರು ಲಾಡ್ಜಿನವನ ಬೀಗ್ರು ಇರ್ತಾರ.” ಬಕೀಟು ತೂತು ಎಂದು ಯಾರೋ ಬೈದಿದ್ದರಿಂದ ಒಂದು ಲಾಡ್ಜನ್ನು ಬಿಟ್ಟು ಇನ್ನೊಂದನ್ನು ಗೊತ್ತು ಮಾಡಿದರು. ಮರುದಿನ ಅಲ್ಲಿಂದ ಫೋನು ಬಂತು: “ಆಪಾ, ಬಕೀಟು ಭಾಳ ಛಲೋ ಐತ್ರಿ. ಬಾಗಲಕ್ಕ ಚಿಲಕ ಇಲ್ಲ!” ಆಪಾ ನಕ್ಕು ನಕ್ಕು ಕಣ್ಣೊರೆಸಿಕೊಂಡರು. ಆಮೇಲೆ ಆ ಲಾಡ್ಜಿನ ಮೇಲೆ ತಾವೇ ಒಂದು ಬೈಗುಳ ಬರೆದು ಹಾಕಿದರು.

ಜನ ಎದ್ದುಹೋದ ಮೇಲೆ ಅವರ ಬೆರಳು ಒಂದೇ ದಾರಿ ಹುಡುಕುತ್ತಿತ್ತು: ಹುಬ್ಬಳ್ಳಿಯಿಂದ ಪುಣೆ. ಪುಣೆಯಲ್ಲಿ ತಂಗಿ ಶಮೀಮ್ ಇದ್ದಳು. ತಾವು ವಾರಗಟ್ಟಲೆ ಕೂತು ಹೊಲಿದ ಜಂಪರು ಬಿಟ್ಟು ಅಂಗಡಿಯದನ್ನು ತೊಟ್ಟು ನಿಕಾಹಕ್ಕೆ ಕೂತಳೆಂದು ಆಪಾ ಒಂದು ಮಾತು ಆಡಿದ್ದರು, ಅವಳೂ ಒಂದು ಆಡಿದ್ದಳು. ಹನ್ನೆರಡು ವರ್ಷದಿಂದ ಅಕ್ಕತಂಗಿಯರಿಗೆ ಮಾತಿರಲಿಲ್ಲ. “ಒಮ್ಮೆ ಬಾ ಅನ್ಲಿ ಆಕಿ, ಓಡಿಹೋಗ್ತೇನಿ” ಎನ್ನುವಾಗ ಆಪಾ ಮಷೀನು ನಿಲ್ಲಿಸುತ್ತಿದ್ದರು.

ಹೋದ ವರ್ಷ ಒಂದು ಶುಕ್ರವಾರ ಶಮೀಮ್ ಕರೆದಳು. ಮೈಯಲ್ಲಿ ಆರಾಮಿಲ್ಲ, ಒಮ್ಮೆ ಬಂದು ಹೋಗು ಎಂದಳಂತೆ. ಆಪಾ ಚಪ್ಪಲಿ ಕೂಡ ಮೆಟ್ಟದೆ ನನ್ನ ಬಾಗಿಲಿಗೆ ಬಂದರು. ಇಬ್ಬರೂ ಮೊಬೈಲು ಹಿಡಿದು ಕೂತೆವು. ಸಾಲು ರಜೆ ಇತ್ತು. ಶನಿವಾರ, ಭಾನುವಾರ, ಸೋಮವಾರ ಮೂರೂ ದಿನ ಸ್ಲೀಪರ್ ಬಸ್ಸಿನ ದರ ಎರಡು ಪಟ್ಟಾಗಿತ್ತು.

“ಏನ್ ಮಾಡೂಣ್ರಿ ಟೀಚರ?”

“ಮಂಗಳವಾರ ಅರ್ಧಕ್ಕರ್ಧ ಐತ್ರಿ ಆಪಾ. ನಾಕ ದಿನದಾಗ ಏನಾಕ್ಕತಿ?”

ಭಲೇ ಶಿಷ್ಯೆ ಎಂಬಂತೆ ಆಪಾ ನನ್ನ ಬೆನ್ನು ತಟ್ಟಿದರು. ಮಂಗಳವಾರಕ್ಕೆ ಸೀಟು ಹಿಡಿದೆವು. ಉಳಿದ ದುಡ್ಡಿನಲ್ಲಿ ಬಟ್ಟೆ ತಂದು ತಂಗಿಗೆ ಜಂಪರು ಹೊಲಿಯಲು ಕೂತರು. ಅಳತೆ ಗೊತ್ತಿಲ್ಲದೆ ಒಂದಿಷ್ಟು ಸಡಿಲವಾಗಿಯೇ ಕತ್ತರಿಸಿದರು.

ಭಾನುವಾರ ಬೆಳಿಗ್ಗೆ ಶಮೀಮ್ ತೀರಿಕೊಂಡ ಸುದ್ದಿ ಬಂತು. ಆಪಾ ಎದುರಿಗೆ ಕಂಡ ಬಾಡಿಗೆ ಕಾರು ಹತ್ತಿದರು, ಎಷ್ಟು ಎಂದು ಕೇಳಲಿಲ್ಲ. ಅವರು ಪುಣೆ ಮುಟ್ಟಿದ್ದು ದೀಪ ಹಚ್ಚುವ ಹೊತ್ತಿಗೆ. ಅಷ್ಟರಲ್ಲಿ ಮಣ್ಣು ಮುಗಿದಿತ್ತು. ಮುಖ ಸಿಗಲಿಲ್ಲ.

ಹದಿನೈದು ದಿನಕ್ಕೆ ಸಾಮಾನು ಕಟ್ಟಿಕೊಳ್ಳಲು ಬಂದರು. ಶಮೀಮಳ ಮಗಳು ಇನ್ನೂ ಚಿಕ್ಕವಳು. ಅವಳನ್ನು ನೋಡಿಕೊಂಡು ಅಲ್ಲಿಯೇ ಇರುತ್ತೇನೆ ಎಂದರು. ನಾನು ಬಸ್‌ಸ್ಟ್ಯಾಂಡಿನವರೆಗೆ ಹೋದೆ. ದಾರಿಯುದ್ದಕ್ಕೂ ಎದೆಯಲ್ಲಿ ಕೊರೆಯುತ್ತಿದ್ದದ್ದನ್ನು ಅವರು ಕಿಟಕಿಯ ಪಕ್ಕ ಕೂತ ಮೇಲೆ ಹೇಳಿಬಿಟ್ಟೆ.

“ಮಂಗಳವಾರ ಅಂದಾಕಿ ನಾನು, ಆಪಾ.”

“ಕಲಿಸಿದಾಕಿ ನಾನಲ್ಲೇನ್ರಿ? ಬಿಡ್ರಿ” ಎಂದರು. ಕಿಟಕಿಯಿಂದ ನನ್ನ ಕೈ ಹಿಡಿದರು. “ಅಲ್ಲೆ ನನಗ ಯಾರೂ ಗೊತ್ತಿಲ್ಲ. ಒಮ್ಮೆ ಬರ್ರಿ ಟೀಚರ. ಯಾವಾಗ ಬರ್ತೀರಿ?”

“ಬರ್ತೇನ್ರಿ ಆಪಾ. ಈ ದಸರಾ ಸೂಟಿ ಒಂದು ಮುಗೀಲಿ, ರೇಟ್ ಇಳೀತಾವ.”

ಬಾಯಿಂದ ಬಂದ ಮೇಲೆಯೇ ನನಗೆ ಅದು ಕೇಳಿಸಿದ್ದು. ಆಪಾ ಒಂದು ಗಳಿಗೆ ನನ್ನ ಮುಖ ನೋಡಿದರು.

“ಹೂಂ, ಇಳೀತಾವ” ಎಂದು ಕೈ ಬಿಟ್ಟರು. ಬಸ್ಸು ಹೊರಟಿತು.

ನಾನು ಇನ್ನೂ ಹೋಗಿಲ್ಲ.