ಗೆರೆಯಾಚೆ ನಿಂತ ಕಾಕಾ

ಕಾಕಾನ ಬಲಗೈಯ ಕಿರುಬೆರಳು ಮಡಚುತ್ತಿರಲಿಲ್ಲ. ಹುಬ್ಬಳ್ಳಿಯಲ್ಲಿ ಕಾಲೇಜು ತಂಡಕ್ಕೆ ಆಡುವಾಗ ಕ್ರಿಕೆಟ್ ಚೆಂಡು ಬಡಿದು ಗೆಣ್ಣು ಮುರಿದಿತ್ತಂತೆ. ಕಾಫಿ ಲೋಟ ಹಿಡಿದರೆ ಆ ಬೆರಳೊಂದು ಹೊರಗೆ ಚಾಚಿಕೊಂಡು ಎದುರಿಗಿದ್ದವರನ್ನು ತೋರಿಸುತ್ತಿತ್ತು. ನಾವು ನಕ್ಕರೆ ಅವರೂ ನಗುತ್ತಿದ್ದರು.

ಸ್ವೀಡನ್ನಿನ ಸುಂಡ್‌ಬೀಬರ್ಯ್ ಊರಿನ ಬಾಡಿಗೆ ಕಟ್ಟಡದಲ್ಲಿ ಅವರದು ನಮ್ಮ ಕೆಳಗಿನ ಮನೆ. ಅಪ್ಪ ಅಮ್ಮನ ಜತೆ ಮೈಸೂರಿನಿಂದ ಬಂದಾಗ ನನಗೆ ಒಂಬತ್ತು ವರ್ಷ. ಅಂಕಲ್ ಎಂದು ಕರೆದದ್ದಕ್ಕೆ, "ಅಂಕಲ್ ಗಿಂಕಲ್ ಬ್ಯಾಡ, ಕಾಕಾ ಅನ್ನು" ಎಂದರು. ಕನ್ನಡದವರು ಸೇರಿದಲ್ಲಿ ಬೆಂಗಳೂರಿನವರಂತೆ ನಯವಾಗಿ ಮಾತಾಡುತ್ತಿದ್ದವರು ಅಂಗಳಕ್ಕಿಳಿದರೆ ಅಪ್ಪಟ ಹುಬ್ಬಳ್ಳಿ. ಸಂಜೆ ರೈಲಿಳಿದು ಬಂದು, ಆಫೀಸಿನ ಬ್ಯಾಗನ್ನು ಮರದ ಬುಡದಲ್ಲಿಟ್ಟು, ನನಗೆ ಕ್ಯಾಚ್ ಹಾಕುತ್ತಿದ್ದರು. "ಚಂಡ ಬರೂಕಿಂತ ಮೊದ್ಲ ನೀ ಅಲ್ಲಿರಬೇಕು" ಎನ್ನುವುದು ಅವರ ಪಾಠ. ಇನ್ನೊಂದನ್ನು ಪಾಠವೆಂದು ತಿಳಿಯದೆಯೇ ಕಲಿಸಿದರು. ಕ್ಯಾಚ್ ಹಿಡಿದ ಕೂಡಲೇ ಚೆಂಡನ್ನು ಆಕಾಶಕ್ಕೆ ತೂರಿ ಕುಣಿಯುವುದು. ಕ್ರಿಕೆಟ್ಟಿನಲ್ಲಿ ಅದರಿಂದ ನಷ್ಟವೇನಿಲ್ಲ.

ಹದಿಮೂರಕ್ಕೆ ನಾನು ಶಾಲೆಯ ಗೆಳೆಯರ ಹಿಂದೆ ಬೇಸ್‌ಬಾಲ್ ಕ್ಲಬ್ ಸೇರಿದೆ. ಎತ್ತರದ ಹೊಡೆತಗಳು ಬಂದು ಬೀಳುವ ದೂರದ ಜಾಗ, ಔಟ್‌ಫೀಲ್ಡ್, ನನ್ನದಾಯಿತು. ಕಾಕಾ ನಿಯಮಗಳ ಪುಸ್ತಕ ತರಿಸಿ ಓದಿದರು. ಆ ಆಟದಲ್ಲಿ ಮೂರು ಔಟಾದರೆ ಸರದಿ ಮುಗಿಯುತ್ತದೆ. ಅದಕ್ಕೆ ಮುಂಚೆ ಕ್ಯಾಚ್ ಹಿಡಿದರೂ ಮೂರನೇ ಬೇಸ್‌ನಲ್ಲಿ, ಅಂದರೆ ಗುರಿಗೆ ಮುಂಚಿನ ಕೊನೆಯ ನೆಲೆಯಲ್ಲಿ, ಕಾಯುತ್ತಿರುವ ಓಟಗಾರ ಓಡಿ ರನ್ ಗಳಿಸಬಹುದು, ಹಾಗಾಗಿ ಹಿಡಿದ ಮರುಕ್ಷಣ ಎಸೆಯಬೇಕು. ಎಷ್ಟು ಔಟಾಗಿದೆಯೆಂದು ಗೆರೆಯಾಚೆ ನಿಂತು ನನಗೆ ಕನ್ನಡದಲ್ಲಿ ಕೂಗಿ ಹೇಳುವ ಕೆಲಸವನ್ನು ಕಾಕಾ ವಹಿಸಿಕೊಂಡರು. ಒಂದು ಪಂದ್ಯವನ್ನೂ ತಪ್ಪಿಸಲಿಲ್ಲ. ಬಿಸಿಲಿಗೆ ಮೂಗು ಸುಲಿದುಹೋದರೂ ಟೋಪಿ ಹಾಕುತ್ತಿರಲಿಲ್ಲ, ದನಿ ಸರಿಯಾಗಿ ಹೋಗುವುದಿಲ್ಲವಂತೆ!

ನನಗೆ ಹತ್ತೊಂಬತ್ತಾದ ವರ್ಷ, ಅಮೆರಿಕದ ಒಂದು ತಂಡಕ್ಕೆ ಆಟಗಾರರನ್ನು ಹುಡುಕುವವನೊಬ್ಬ ನಮ್ಮ ಫೈನಲ್ ನೋಡಲು ಬಂದ. ಅವನು ಮೆಚ್ಚಿದರೆ ನಾನು ವೃತ್ತಿ ಆಟಗಾರ, ಇಲ್ಲವಾದರೆ ಅಲ್ಲಿಗೆ ಮುಗಿಯಿತು. ಕೊನೆಯ ಸರದಿ, ಎರಡೂ ತಂಡ ಸಮ, ಎದುರಾಳಿಯ ಓಟಗಾರ ಮೂರನೇ ಬೇಸ್‌ನಲ್ಲಿ. "ಒಂದ ಔಟ್ ಆಗೇತಿ! ಒಂದ!" ಎಂದು ಕಾಕಾ ಕೂಗಿದರು. ಚೆಂಡು ಮೇಲೇರಿತು. ಹಿಂದಕ್ಕೆ ಓಡಿ, ಹಾರಿ ಹಿಡಿದೆ. ಅಂಥ ಕ್ಯಾಚನ್ನು ನಾನು ಅದುವರೆಗೆ ಹಿಡಿದಿರಲಿಲ್ಲ. ಮೈಮರೆತು ಚೆಂಡನ್ನು ಆಕಾಶಕ್ಕೆ ತೂರಿದೆ. ಅದು ಕೆಳಗೆ ಬರುವಷ್ಟರಲ್ಲಿ ಓಟಗಾರ ಗುರಿ ಮುಟ್ಟಿದ್ದ. ಸೋತೆವು.

ನಾನು ಕಾಲೆಳೆದುಕೊಂಡು ಬರುವ ಹೊತ್ತಿಗೆ ಕಾಕಾ ನಮ್ಮ ಕೋಚ್ ಮತ್ತು ಆ ಅಮೆರಿಕದವನ ಎದುರು ನಿಂತಿದ್ದರು. "ತಪ್ಪು ನನ್ನದು. ಎರಡು ಔಟಾಗಿದೆ ಎಂದು ಕೂಗಿಬಿಟ್ಟೆ" ಎಂದು ಇಂಗ್ಲಿಷಿನಲ್ಲಿ ಹೇಳುತ್ತಿದ್ದರು. ಎರಡಾಗಿದ್ದರೆ ನನ್ನ ಕ್ಯಾಚ್ ಮೂರನೆಯದಾಗಿ ಸರದಿ ಮುಗಿಯುತ್ತಿತ್ತು, ನಾನು ಕುಣಿದದ್ದು ಸರಿಯೇ ಆಗುತ್ತಿತ್ತು. ಮೈದಾನದಲ್ಲಿ ಕನ್ನಡ ಬಲ್ಲವರು ನಾವಿಬ್ಬರೇ. ಕೋಚ್ ಮುಖ ಕೆಂಪಗೆ ಮಾಡಿಕೊಂಡು, ಇನ್ನು ಮುಂದೆ ಗೆರೆಯ ಹತ್ತಿರ ಬರಬೇಡಿ ಎಂದರು. ನಾನು ಬೂಟಿನ ದಾರ ಬಿಚ್ಚುತ್ತಾ ಕೂತೆ.

ರೈಲಿನಲ್ಲಿ ಕೇಳಿದೆ: "ಯಾಕೆ ಕಾಕಾ ಹಾಗಂದ್ರಿ?"

"ಚಂಡ ತೂರೂದು ಕಲಿಸಿದಾಂವ ನಾನ ಅಲ್ಲೇನು? ಸುಮ್ನ ಹೋಗಿ ಆಡು."

ಅಮೆರಿಕದಿಂದ ಕರೆ ಬಂತು, ಹೋದೆ. ತೀರಾ ಕೆಳಗಿನ ಹಂತದ ತಂಡ. ಆಟಕ್ಕಿಂತ ಬಸ್ ಪ್ರಯಾಣವೇ ಹೆಚ್ಚು. ಮೊದಲ ವರ್ಷ ಬ್ಯಾಟಿಂಗಿನಲ್ಲಿ ಒದ್ದಾಡಿದೆ, ಔಟ್‌ಫೀಲ್ಡ್ ನನ್ನನ್ನು ಉಳಿಸಿತು. ಫೋನು ಮಾಡಿದಾಗಲೆಲ್ಲ ಕಾಕಾ ಕೇಳುತ್ತಿದ್ದದ್ದು ಒಂದೇ: "ಹಿಡದ ಮ್ಯಾಲೆ ಒಗದೀ?" ಕ್ಲಬ್ಬಿನ ಪಂದ್ಯಗಳಿಗೆ ಅವರು ಹೋಗುತ್ತಲೇ ಇದ್ದರು, ಬೆಂಚಿನ ಮೇಲೆ ಬಾಯಿ ಮುಚ್ಚಿ ಕೂರುತ್ತಿದ್ದರು ಎಂದು ಅಮ್ಮ ಹೇಳಿದಳು. ಕೋಚ್‌ಗೆ ನಿಜ ಬರೆದು ತಿಳಿಸಬೇಕೆಂದು ಎಷ್ಟೋ ಸಲ ಅಂದುಕೊಂಡೆ. ತಂಡದಿಂದ ಕೈಬಿಟ್ಟರೆ ಎಂಬ ಅಂಜಿಕೆ.

ಎರಡನೇ ವರ್ಷ ಕಾಕಾ ಹೃದಯಾಘಾತದಿಂದ ತೀರಿಕೊಂಡರು. ನಾನು ವಿಮಾನ ಹಿಡಿದು ಬಂದೆ. ಕ್ಲಬ್ಬಿನವರು ತಮ್ಮ ಪದ್ಧತಿಯಂತೆ ಕಾಫಿ, ದಾಲ್ಚಿನ್ನಿ ಬನ್ನು ಇಟ್ಟು ಸ್ಮರಣೆಯ ಕೂಟ ಮಾಡಿದರು. ಒಬ್ಬೊಬ್ಬರೂ ಎದ್ದು ಎರಡು ಮಾತಾಡಿದರು. ಕೋಚ್ ಪ್ರೀತಿಯಿಂದಲೇ ಹೇಳಿದರು: "ಒಳ್ಳೆಯ ಮನುಷ್ಯ. ಎರಡರವರೆಗೆ ಎಣಿಸಲು ಮಾತ್ರ ಬರುತ್ತಿರಲಿಲ್ಲ." ಎಲ್ಲರೂ ನಕ್ಕರು. ಕಾಕಾನ ಹೆಂಡತಿ, ನಮ್ಮ ಕಾಕು, ಲೋಟವನ್ನೇ ನೋಡುತ್ತಾ ಕೂತಿದ್ದರು.

ನಾನು ಎದ್ದು ನಿಂತೆ. "ಅವರು ಸರಿಯಾಗಿಯೇ ಕೂಗಿದ್ದರು" ಎಂದು ಸ್ವೀಡಿಷ್‌ನಲ್ಲಿ ಹೇಳಿದೆ. "ಒಂದೇ ಔಟ್ ಎಂದಿದ್ದರು. ನನಗೆ ಚೆನ್ನಾಗಿ ಕೇಳಿಸಿತ್ತು."

ಕಾಕು ತಲೆಯೆತ್ತಿ ನನ್ನನ್ನು ನೋಡಿದರು. ಅಷ್ಟು ಚಿಕ್ಕ ಮಾತನ್ನು ಕಾಕಾ ಬದುಕಿರುವಾಗ ಆಡಲು ನನಗೆ ಆಗಲಿಲ್ಲ.