ಕತ್ತರಿ ಕೆಳಗಿಟ್ಟ ಅಂಬಾದಾಸ ಉಪದೇಶಕರು

ಕಲ್ಯಾಣ–ಹುಮನಾಬಾದ ಸೀಮೆಯ ಕ್ರೈಸ್ತ ಸಭೆಗಳ ಕಥೆಯನ್ನು ಯಾರೇ ಬರೆಯಲಿ, ಉಪದೇಶಕ ಅಂಬಾದಾಸರ ಹೆಸರನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ಮಕ್ಕಳಿಗೆ ಅಕ್ಷರ ಕಲಿಸುವುದೂ ದೊಡ್ಡವರಿಗೆ ದೇವರ ಮಾತು ಹೇಳುವುದೂ ಒಬ್ಬನೇ ಮನುಷ್ಯನ ಹೆಗಲಿಗೆ ಬೀಳುತ್ತಿದ್ದ ಕಾಲದಲ್ಲಿ, ಆ ನೊಗವನ್ನು ಗೊಣಗದೆ ಹೊತ್ತವರು ಅವರು. ದೀಕ್ಷಾಸ್ನಾನದ ದಿನ ಪಾದ್ರಿಗಳು ಅವರಿಗೆ ಆಮೋಸ ಎಂಬ ಹೊಸ ಹೆಸರಿಟ್ಟಿದ್ದರು. ಆದರೆ ಆ ಹೆಸರಿನಿಂದ ಕೂಗಿದರೆ ಸ್ವತಃ ಅವರೇ ಹಿಂದಿರುಗಿ ನೋಡುತ್ತಿರಲಿಲ್ಲವಾದ್ದರಿಂದ, ಅಂಬೆಯ ದಾಸನೆಂಬ ಹೆಸರಿನಲ್ಲಿಯೇ ಅವರು ಕ್ರಿಸ್ತನ ದಾಸರಾಗಿ ಉಳಿದರು.

ಈ ವರ್ಷ, ಅಂದರೆ ೧೯೪೯ರಲ್ಲಿ, ಅವರು ಸೇವೆಯಿಂದ ನಿವೃತ್ತರಾಗುತ್ತಿದ್ದಾರೆ. ಸನ್ಮಾನ ಸಮಿತಿಯವರು ‘ಅಚಲ ವಿಶ್ವಾಸಿ’ ಎಂಬ ಬಿರುದು ಕೊಡುವುದೆಂದು ತೀರ್ಮಾನಿಸಿ ಹುಮನಾಬಾದಿನ ಅವರ ಮನೆಗೆ ಹೋದಾಗ, ಅಂಬಾದಾಸರು ತಲೆ ತಗ್ಗಿಸಿ ಕುಳಿತುಬಿಟ್ಟರು.

“ಹೊಗಳಿಕಿ ಯಾರಿಗಿ ಬ್ಯಾಡಾಗ್ಯಾದರಿ? ನಾಕ ಮಾತು ಬರೀರಿ,” ಎಂದರು ಕೊನೆಗೆ. “ಆದರ ಆ ಬಿರುದು ಬ್ಯಾಡ. ತಾಯತದ ಮಾತು ಬಿಟ್ಟು ಬರದರ ಅದು ನನ್ನ ಕಥಿ ಅಲ್ಲರಿ, ಸುಳ್ಳು.”

ಆದ್ದರಿಂದ ಆ ಮಾತನ್ನೂ ಸೇರಿಸಿಯೇ ಅವರನ್ನು ಅಭಿನಂದಿಸಬೇಕಾಗಿದೆ.

ಮೂವತ್ತರ ದಶಕದ ಆರಂಭದಲ್ಲಿ ಅವರು ಕೊಹಿನೂರಿಗೆ ಬಂದಾಗ ಅಲ್ಲಿ ಶಾಲೆಯೆಂದರೆ ಒಂದು ಬೇವಿನ ಮರ, ಸಭೆಯೆಂದರೆ ಅದೇ ಮರದ ನೆರಳು. ಉರ್ದು ಬಲ್ಲವರಾದ್ದರಿಂದ ಕಚೇರಿಯ ಅರ್ಜಿಗಳನ್ನು ಹಿಂದೂ, ಮುಸಲ್ಮಾನ, ಕ್ರೈಸ್ತರೆನ್ನದೆ ಎಲ್ಲರಿಗೂ ಬರೆದುಕೊಟ್ಟರು. ಕಾಲರಾ ಬಂದ ವರ್ಷ ಊರಿಗೆ ಊರೇ ಬಾಗಿಲು ಹಾಕಿಕೊಂಡಿದ್ದಾಗ, ರೋಗಿಗಳ ಮನೆಗೆ ನೀರು ಹೊತ್ತು ಕಾಯಿಸಿಕೊಟ್ಟವರೂ ಇವರೇ. ಕೈ ಇಷ್ಟು ಮೃದುವಾಗಿದ್ದರೂ ಉಪದೇಶ ಮಾತ್ರ ಕಬ್ಬಿಣದಷ್ಟು ಗಡಸು. ದೀಕ್ಷಾಸ್ನಾನಕ್ಕೆ ಬಂದವರ ಕೊರಳಲ್ಲಿ, ತೋಳಲ್ಲಿ ತಾಯತವೋ ಕರಿದಾರವೋ ಕಂಡರೆ ತಾವೇ ಮುಂದೆ ಬಂದು ಕತ್ತರಿಸಿ ಹಾಕುತ್ತಿದ್ದರು; ಅದಕ್ಕೆಂದೇ ಅಂಗಿಯ ಜೇಬಿನಲ್ಲಿ ಕತ್ತರಿ ಇರುತ್ತಿತ್ತು. ಮಕ್ಕಳು ಬೆನ್ನ ಹಿಂದೆ ‘ಕತ್ತರಿ ಮಾಸ್ತರ’ ಎನ್ನುತ್ತಿದ್ದುದು ಅವರಿಗೆ ಗೊತ್ತಿತ್ತು, ಒಳಗೊಳಗೇ ಹೆಮ್ಮೆಯೂ ಇತ್ತು.

ಆ ಕತ್ತರಿಯ ಮುಂದೆ ಒಂದು ದಿನ ಬಾಳಮ್ಮ ಬಂದು ನಿಂತಳು. ಕೂಲಿ ಮಾಡಿ ಬದುಕುತ್ತಿದ್ದ ವಿಧವೆ. ತೀರಿಹೋದ ಮಗಳು ಬಿಟ್ಟುಹೋದ ಮೊಮ್ಮಗನೊಬ್ಬನೇ ಅವಳ ಸಂಸಾರ. ಕೂಸಿನ ಕೊರಳಲ್ಲಿ ತಾಯತವಿತ್ತು.

“ಮಾಸ್ತರ, ಇದೊಂದು ಇರಲಿರಿ,” ಎಂದು ಅವಳು ಕೈ ಮುಗಿದಳು. “ಅವರವ್ವ ಸಾಯೋ ಮುಂದ ಕಟ್ಟಿದ್ದದ.”

“ಯೇಸಪ್ಪನ ಮ್ಯಾಲ ನಂಬಿಗಿ ಇದ್ದರ ದಾರ ಯಾಕ ಬೇಕ?” ಎಂದು ಅಂಬಾದಾಸರು ಕತ್ತರಿಸಿಬಿಟ್ಟರು. ಬಾಳಮ್ಮ ಬಿದ್ದ ದಾರವನ್ನು ನೋಡಿದಳೇ ಹೊರತು ಎತ್ತಿಕೊಳ್ಳಲಿಲ್ಲ.

ಆ ಬೇಸಿಗೆ ಮುಗಿಯುವುದರೊಳಗೆ ಕೂಸು ಸಿಡುಬಿನಿಂದ ತೀರಿಕೊಂಡಿತು. ದಾರ ಹರಿದವರ ಬಲಿ ಇದು ಎಂದು ಊರು ಆಡಿಕೊಂಡಿತು, ನೆಂಟರು ಬಂದು ಹಳೆಯ ದಾರಿಗೆ ಮರಳು ಎಂದು ಕರೆದರು. ಬಾಳಮ್ಮ ಆ ಭಾನುವಾರವೂ ಬಂದು ಮರದ ಕೆಳಗೆ ತನ್ನ ಜಾಗದಲ್ಲಿ ಕುಳಿತಳು. ಹಾಡಲು ದನಿ ಬರಲಿಲ್ಲ, ಆದರೂ ಎದ್ದು ಹೋಗಲಿಲ್ಲ. ಅಂಬಾದಾಸರಿಗೆ ಅವಳ ದುಃಖಕ್ಕಿಂತ ಅವಳ ನಿಷ್ಠೆಯೇ ಕಣ್ಣಿಗೆ ಹೊಡೆಯಿತು. ಹೋದಹೋದಲ್ಲಿ ಪ್ರಸಂಗ ಮಾಡುವಾಗ ಅವಳನ್ನೇ ದೃಷ್ಟಾಂತವಾಗಿ ಹೇಳಿದರು, ಕೇಳಿದವರು ತಲೆದೂಗಿದರು. ಪರರ ಗಾಯವನ್ನು ತೋರಿಸಿ ತಾವು ಮೆಚ್ಚುಗೆ ಗಳಿಸಿದ್ದನ್ನು ನೆನೆದರೆ ಇಂದಿಗೂ ಅವರ ಮುಖ ಸಣ್ಣದಾಗುತ್ತದೆ.

ನಲವತ್ತರ ದಶಕದಲ್ಲಿ ಅವರಿಗೆ ಹುಮನಾಬಾದಿಗೆ ವರ್ಗವಾಯಿತು. ಅಲ್ಲಿ ಅವರ ಒಬ್ಬಳೇ ಮಗಳು ಮಾರ್ಥಾ ವಿಷಮಜ್ವರದಿಂದ ಹಾಸಿಗೆ ಹಿಡಿದಳು. ಔಷಧ ನಾಟಲಿಲ್ಲ; ಪ್ರಾರ್ಥನೆ ಮಾಡಿ ಮಾಡಿ ಅವರ ನಾಲಿಗೆ ಒಣಗಿತು. ನೆರೆಮನೆಯ ಬಿಸ್ಮಿಲ್ಲಾ ಬೀ ದರ್ಗಾದಿಂದ ಒಂದು ತಾಯತ ತಂದು, “ನನ್ನ ಮಗಳಿದ್ದಂಗ ಅದಾಳ್ರಿ, ಕಟ್ರಿ,” ಎಂದು ಕೊಟ್ಟುಹೋದಳು. ಹೆಂಡತಿ ದ್ರೌಪತಿ ಗಂಡನ ಮುಖ ನೋಡಿದಳು. ಎಷ್ಟೋ ಕೊರಳುಗಳ ದಾರ ಕತ್ತರಿಸಿದ ಕೈಯಿಂದಲೇ ಅಂಬಾದಾಸರು ಮಗಳ ಕೊರಳಿಗೆ ಅದನ್ನು ಕಟ್ಟಿದರು, ಕಟ್ಟಿ ಅಂಗಿಯೊಳಗೆ ಮುಚ್ಚಿದರು. ಬಿಸ್ಮಿಲ್ಲಾ ಬೀಯ ಪ್ರೀತಿಯಲ್ಲಿ ಕುಂದೇನೂ ಇರಲಿಲ್ಲ; ಕುಂದು ಇದ್ದದ್ದು ಮುಚ್ಚಿಟ್ಟವರ ಕೈಯಲ್ಲಿ.

ಸುದ್ದಿ ಕೇಳಿ ಬಾಳಮ್ಮ ಕೊಹಿನೂರಿನಿಂದ ನಡೆದುಕೊಂಡೇ ಬಂದಳು. ಹುಡುಗಿಯ ಮೈ ಒರೆಸಲು ಅಂಗಿ ಸರಿಸಿದಾಗ ಕರಿದಾರ ಅವಳ ಕೈಗೆ ತಗುಲಿತು. ಅಷ್ಟರಲ್ಲಿ ಸಭೆಯ ಹಿರಿಯರು ರೋಗಿಯನ್ನು ನೋಡಲೆಂದು ಬಾಗಿಲೊಳಗೆ ಕಾಲಿಟ್ಟರು. ಅಂಬಾದಾಸರಿಗೆ ನೆಲ ಬಾಯಿ ಬಿಡಬಾರದೇ ಎನ್ನಿಸಿತು. ಬಾಳಮ್ಮ ಕೌದಿಯನ್ನು ಹುಡುಗಿಯ ಕೊರಳತನಕ ಎಳೆದು ಹೊದಿಸಿ, “ಥಂಡಿ ಆಗತದ,” ಎಂದಳು. ಹೊರಗೆ ಬಿಸಿಲು ಬೆಂಕಿಯಾಗಿ ಸುರಿಯುತ್ತಿತ್ತು.

ಜ್ವರ ಇಳಿಯಿತು, ಮಾರ್ಥಾ ಎದ್ದು ಕುಳಿತಳು. ಅಷ್ಟು ದಿನ ಆರೈಕೆಗೆ ನಿಂತಿದ್ದ ಬಾಳಮ್ಮ ಊರಿಗೆ ಹೊರಟವಳು ಬಾಗಿಲಲ್ಲಿ ತಿರುಗಿ, ಸಿಟ್ಟಿಲ್ಲದ ದನಿಯಲ್ಲಿ ಕೇಳಿದಳು:

“ಮಾಸ್ತರ, ನನ್ನ ಕೂಸಿಂದು ಯಾಕ ಕತ್ತರಿಸಿದ್ರಿ?”

ಬಂದ ಭಾನುವಾರ ಅಂಬಾದಾಸರು ತುಂಬಿದ ಸಭೆಯ ಮುಂದೆ ಎಲ್ಲವನ್ನೂ ಹೇಳಿದರು. ಹಿರಿಯರು ಕೆಲಕಾಲ ಪ್ರಸಂಗ ಮಾಡಬಾರದೆಂದು ವಿಧಿಸಿದಾಗ, ಹಿಂದಿನ ಚಾಪೆಯ ಮೇಲೆ ಕುಳಿತು ಇತರರ ಪ್ರಸಂಗ ಕೇಳಿದರು. ಕತ್ತರಿಯನ್ನು ದ್ರೌಪತಿಗೆ ಹೊಲಿಗೆಗೆಂದು ಕೊಟ್ಟುಬಿಟ್ಟರು. ಮತ್ತೆ ಸೇವೆಗೆ ಕರೆದ ಮೇಲೆ, ಯಾರ ಕೊರಳಲ್ಲಿ ಏನಿದ್ದರೂ ಮೊದಲು ಪಕ್ಕದಲ್ಲಿ ಕುಳಿತು, “ಇದು ಯಾರು ಕಟ್ಟ್ಯಾರವ್ವಾ?” ಎಂದು ಕೇಳುವುದು ಅವರ ರೂಢಿಯಾಯಿತು. ಕಟ್ಟಿಕೊಂಡವರು ತಾವಾಗಿ ಬಿಚ್ಚುವತನಕ ಕಾಯುತ್ತಿದ್ದರು. ಅವರ ಸೇವೆಯ ಉತ್ತಮ ವರ್ಷಗಳು ಇವೇ ಎಂಬುದು ಬಲ್ಲವರ ಮಾತು.

ಆದರೂ ಬಾಳಮ್ಮನ ಮುಂದೆ ಕುಳಿತು ಕ್ಷಮೆ ಕೇಳುವ ಧೈರ್ಯ ಮಾತ್ರ ಈ ವರ್ಷದವರೆಗೂ ಅವರಿಗೆ ಬರಲಿಲ್ಲ. ಬಿರುದಿನ ಮಾತು ಬಂದ ಮರುದಿನ ಕೊಹಿನೂರಿಗೆ ಹೋದರು. ಬಾಳಮ್ಮ ಅಂಗಳದಲ್ಲಿ ತೊಗರಿ ಕೇರುತ್ತಿದ್ದಳು.

“ತಪ್ಪು ನಂದವ್ವಾ,” ಎಂದರು. “ಇಷ್ಟಾದ ಮ್ಯಾಲೂ ನೀ ನಂಬಿಗಿ ಬಿಡದಂಗ ಹ್ಯಾಂಗ ನಿಂತಿ?”

ಬಾಳಮ್ಮ ಮೊರ ಕೆಳಗಿಟ್ಟಳು.

“ನನಗೇನ್ ತಿಳೀತದರಿ ಮಾಸ್ತರ! ನನ್ನ ಕೂಸು ಯೇಸಪ್ಪನ ಬಲ್ಲಿ ಅದ. ನಾ ಅವನ ಕೈ ಬಿಟ್ಟರ, ಕೂಸಿನ ಬಲ್ಲಿ ಹ್ಯಾಂಗ ಹೋಗಬೇಕ್ರಿ?”

ಅಂಬಾದಾಸರು ಅಲ್ಲಿಯೇ ಅಂಗಳದಲ್ಲಿ ಕುಳಿತು ಅತ್ತರು. ಇನ್ನು ಮುಂದೆ ಕೊಹಿನೂರಿನಲ್ಲಿಯೇ ನೆಲೆಸಿ ಮಕ್ಕಳಿಗೆ ಅಕ್ಷರ ಕಲಿಸುವುದೆಂದು ನಿಶ್ಚಯಿಸಿದ್ದಾರೆ. ದೇವರು ಅವರಿಗೆ ಗಟ್ಟಿ ಕಾಲು, ತಿಳಿಗಣ್ಣು, ಬಹುಕಾಲದ ಆಯುಷ್ಯ ಕೊಡಲಿ. ಮಿಕ್ಕ ಹಾರೈಕೆಯನ್ನು ಅವರೇ ಕೇಳಿಕೊಂಡಿದ್ದಾರೆ: ಆ ಕೂಸನ್ನು ಕಾಣುವ ದಿನ ಬಂದಾಗ, ಬಾಳಮ್ಮನ ಹಿಂದೆ ನಿಂತು ಮುಖವೆತ್ತಿ ನೋಡುವಷ್ಟು ಕೃಪೆ ತಮಗೆ ಸಿಗಲಿ ಎಂದು.