ಎರವಲು ಮಕ್ಕಳು

ಖಾಸಗಿ ಶಾಲೆಯೊಂದರ ವ್ಯಾನ್ ಓಡಿಸುತ್ತಿದ್ದ ಅವನನ್ನು ಮಕ್ಕಳೆಲ್ಲ ಪೀಪಿ ಮಾಮ ಎಂದೇ ಕರೆಯುತ್ತಿದ್ದರು. ಮನೆಮನೆಯ ಮುಂದೆ ಹಾರ್ನ್ ಹೊಡೆದು ಮಕ್ಕಳನ್ನು ಹೊರಡಿಸುವುದರಲ್ಲೇ ಅವನ ಅರ್ಧ ಆಯುಸ್ಸು ಕಳೆದಿತ್ತು. ಸೀಟಿನ ಮೇಲೆ ಯಾರಾದರೂ ವಾಂತಿ ಮಾಡಿದರೆ ಮುಖ ಸಿಂಡರಿಸದೆ ಒರೆಸುತ್ತಿದ್ದ. ಚಡ್ಡಿ ಒದ್ದೆ ಮಾಡಿಕೊಂಡವರಿಗೆ ತನ್ನ ಟವೆಲ್ ಸುತ್ತಿ, ಉಳಿದವರ ಕಣ್ಣಿಗೆ ಬೀಳದಂತೆ ಇಳಿಸುತ್ತಿದ್ದ. ಹೇಸಿಗೆ ಎನ್ನುವುದು ಇವನ ಜಾಯಮಾನದಲ್ಲೇ ಇಲ್ಲ ಎಂದು ಹೆಂಡತಿ ನಗುತ್ತಿದ್ದಳು. ಇಷ್ಟಾಗಿಯೂ ಆ ಶಾಲೆಯ ಮೆಟ್ಟಿಲನ್ನು ಅವನ ಸ್ವಂತ ಮಗಳು ಹತ್ತುವುದು ಕನಸಿನ ಮಾತಾಗಿತ್ತು.

ಹೀಗಿರುವಾಗ ಊರಿನ ಎಲ್ಲ ಮಕ್ಕಳಿಗೂ ಸರ್ಕಾರದ ಖರ್ಚಿನಲ್ಲೇ ಶಿಶುವಿಹಾರ ತೆರೆಯುತ್ತಾರೆಂದು ಗೊತ್ತಾದಾಗ ಗಂಡಹೆಂಡಿರ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಹೆಂಡತಿ ಹಾಸ್ಟೆಲಿನ ಅಡುಗೆಮನೆಯಲ್ಲಿ ತರಕಾರಿ ಹೆಚ್ಚುವವಳು. ಈರುಳ್ಳಿ ರಾಶಿಯ ಪಕ್ಕದಲ್ಲಿ ಮಗುವನ್ನು ಕೂರಿಸಿಕೊಂಡು ಇಬ್ಬರೂ ಕಣ್ಣೀರು ಸುರಿಸುವ ಪಾಡು ತಪ್ಪಿತಲ್ಲ ಎಂದು, ಬಾಗಿಲು ತೆರೆದ ದಿನವೇ ಮಗಳು ಪುಟ್ಟಿಯನ್ನು ಸೇರಿಸಿ ಬಂದಳು.

ಕಟ್ಟಡದ ಮುಂದಿನ ಹಾಲ್ ಮುಖ ನೋಡಿಕೊಳ್ಳುವಷ್ಟು ಥಳಥಳ ಹೊಳೆಯುತ್ತಿತ್ತು, ಆದರೆ ಅದಕ್ಕೆ ಸದಾ ಬೀಗ. ಮಕ್ಕಳಿಗೆ ಸಿಕ್ಕಿದ್ದು ಹಿಂದಿನ ಕೋಣೆ. ಒಂದೇ ಕಿಟಕಿ, ಅದರಾಚೆ ಚರಂಡಿ, ಒಳಗೆ ಮುಗ್ಗಲು ಹಿಡಿದ ಚಾಪೆ. ಎಷ್ಟು ತೊಳೆದರೂ ಒಣಗಿಸಲು ಬಿಸಿಲಿಲ್ಲವೆಂದು ಅಲ್ಲಿನ ಆಯಾ ಅಲವತ್ತುಕೊಂಡಿದ್ದಳಂತೆ. ಹೊಸದಲ್ಲವೇ, ನಿಧಾನಕ್ಕೆ ಸರಿಹೋಗುತ್ತದೆ ಎಂದು ಅವನು ಹೆಂಡತಿಯನ್ನು ಸಮಾಧಾನ ಮಾಡಿದ.

ಒಂದು ಬೆಳಿಗ್ಗೆ ಶಾಲೆಯ ಮಾಲೀಕ ಅವನನ್ನು ಕರೆದು, ಚಿಕ್ಕ ತರಗತಿಯ ಮಕ್ಕಳನ್ನೂ ಒಂದು ಬುಟ್ಟಿ ಆಟಿಕೆಗಳನ್ನೂ ಶಿಶುವಿಹಾರಕ್ಕೆ ಒಯ್ಯಲು ಹೇಳಿದ. ಅಲ್ಲಿನ ಮುಖ್ಯ ಟೀಚರ್ ಮಾಲೀಕನ ತಂಗಿ. ಅಂದು ಅಲ್ಲಿಗೆ ತಪಾಸಣೆಗೆಂದು ಮೇಲಿನ ಸಾಹೇಬರು ಬರುವವರಿದ್ದರು. ಮಕ್ಕಳೆಲ್ಲ ಕೂಡಿ ಆಡುತ್ತಾರೆ, ಪುಟ್ಟಿಗೂ ಒಂದು ದಿನದ ಮೋಜು ಎಂದುಕೊಂಡು ಅವನು ಖುಷಿಯಿಂದಲೇ ಹೊರಟ.

ಟೀಚರಮ್ಮ ವ್ಯಾನಿನ ಮಕ್ಕಳನ್ನು ಹಾಲಿನಲ್ಲಿ ಸಾಲಾಗಿ ಕೂರಿಸಿದಳು. ಅಲ್ಲಿಯ ಮಕ್ಕಳನ್ನು ಹಿಂದಿನ ಕೋಣೆಗೆ ಸೇರಿಸಿ ಚಿಲಕ ಹಾಕುವಂತೆ ಆಯಾಗೆ ಹೇಳಿದಳು. ಅವರೂ ಬರಲಿ ಬಿಡಿ ಎಂದು ಇವನು ಬಾಯಿ ಬಿಟ್ಟಿದ್ದಕ್ಕೆ ಅವಳು ದನಿ ತಗ್ಗಿಸಿದಳು.

"ನೀವೇ ನೋಡಿ, ಆ ಮಕ್ಕಳ ಮೂಗು ಯಾವಾಗ್ಲೂ ಸೋರ್ತಾ ಇರುತ್ತೆ. ಫೋಟೋದಲ್ಲಿ ಅಸಹ್ಯವಾಗಿ ಕಾಣುತ್ತೆ."

ಅವುಗಳಲ್ಲಿ ಒಂದು ಮೂಗನ್ನು ಅವನೇ ಬೆಳಿಗ್ಗೆ ಒರೆಸಿ ಬಂದಿದ್ದ. ಆದರೂ ಅನ್ನ ಕೊಡುವ ಧಣಿಯ ತಂಗಿಯೆಂದು ಬಾಯಿ ಮುಚ್ಚಿಕೊಂಡ.

ಸಾಹೇಬರು ಬಂದರು. ಪುಟ್ಟ ಕುರ್ಚಿಯಲ್ಲಿ ಹೇಗೋ ತೂರಿಕೊಂಡು ಕೂತು, ನಿನಗೆ ಈ ಶಾಲೆ ಇಷ್ಟವೇ ಎಂದು ಒಬ್ಬ ಹುಡುಗನನ್ನು ಕೇಳಿದರು.

"ಇದು ನಮ್ ಶಾಲೆ ಅಲ್ಲ," ಎಂದ ಹುಡುಗ. "ಪೀಪಿ ಮಾಮ ಇವತ್ತು ಇಲ್ಲಿಗೆ ಕರ್ಕೊಂಡ್ ಬಂದ್ರು."

ಈಗ ಇವರ ಬಣ್ಣ ಬಯಲಾಯಿತು ಎಂದು ಡ್ರೈವರ್ ಉಸಿರು ಬಿಗಿ ಹಿಡಿದ. ಸಾಹೇಬರು ಅವನತ್ತ ನೋಡಿದರು, ಟೀಚರಮ್ಮನತ್ತ ನೋಡಿದರು, ಹುಡುಗನ ಕೆನ್ನೆ ತಟ್ಟಿದರು. ಆಮೇಲೆ ಫೋಟೋದವನಿಗೆ, "ಬೇಗ ತೆಗಿಯಪ್ಪಾ, ಇನ್ನೂ ಎರಡು ಕಡೆ ಹೋಗ್ಬೇಕು" ಎಂದರು. ಫೋಟೋಗೆ ಹಲ್ಲು ಕಿರಿದರು. ಆ ಎರಡು ಕಡೆಯೂ ಇದೇ ನಡೆಯುತ್ತದೆ ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಕಾರು ಮರೆಯಾದ ಮೇಲೆ ಆಯಾ ಚಿಲಕ ತೆಗೆದಳು. ಮಕ್ಕಳು ದಬದಬನೆ ಓಡಿಬಂದು ಆಟಿಕೆಗಳಿಗೆ ಮುಗಿಬಿದ್ದರು. ಪುಟ್ಟಿ ಮರದ ಬಾತುಕೋಳಿಯೊಂದನ್ನು ಎದೆಗವಚಿಕೊಂಡಳು. ಟೀಚರಮ್ಮ ಅದನ್ನು ಕಿತ್ತುಕೊಂಡು, ವಾಪಸ್ ಕೊಡುವ ಸಾಮಾನು, ಎಲ್ಲ ಎಂಜಲು ಎಂದು ಗೊಣಗುತ್ತ ಫಿನೈಲ್ ಬಟ್ಟೆಯಿಂದ ಉಜ್ಜತೊಡಗಿದಳು. ಅಳುತ್ತ ತಿರುಗಿದ ಮಗುವಿಗೆ ಅಪ್ಪ ಕಂಡ. ಓಡಿಬಂದು ಕಾಲು ತಬ್ಬಿಕೊಂಡಿತು.

"ಅಯ್ಯೋ, ನಿಮ್ ಮಗುನಾ ಇದು?" ಎಂದಳು ಟೀಚರಮ್ಮ. "ಮೊದಲೇ ಹೇಳಿದ್ರೆ ಇವಳನ್ನೂ ಮುಂದೆ ಕೂರಿಸ್ತಿದ್ದೆ."

ಅವನಿಗೆ ಎಲ್ಲಕ್ಕಿಂತ ಹೇಸಿಗೆಯಾದದ್ದು ಈ ಮಾತು ಕೇಳಿ. ಇಷ್ಟು ಹೊತ್ತು ಸುಮ್ಮನೆ ನಿಂತಿದ್ದ ತನ್ನ ಮೇಲೂ ಆಯಿತು. ಅವಳ ಕೈಯಿಂದ ಬಾತುಕೋಳಿ ತೆಗೆದು ಮಗಳಿಗೆ ಕೊಟ್ಟ, ಬುಟ್ಟಿಯನ್ನು ಎತ್ತಿ ಹಾಲಿನ ನಡುವೆ ಬೋರಲು ಹಾಕಿದ.

"ಆಡ್ಕೊಳ್ಲಿ ಬಿಡಿ. ಇದು ನನ್ನ ಗಾಡೀಲಿ ವಾಪಸ್ ಹೋಗಲ್ಲ."

ವ್ಯಾನಿನ ಮಕ್ಕಳನ್ನು ಜೋಪಾನವಾಗಿ ಶಾಲೆಗೆ ಮುಟ್ಟಿಸಿದ. ಸಂಜೆಯೊಳಗೆ ಕೆಲಸ ಹೋಯಿತು. ಮಾರನೆಯ ದಿನ ಇನ್ಯಾರೋ ಬಂದು ಬುಟ್ಟಿ ತುಂಬಿಕೊಂಡು ಹೋದರು.

ಈಗ ಅವನು ನೀರಿನ ಟ್ಯಾಂಕರ್ ಓಡಿಸುತ್ತಾನೆ. ಪುಟ್ಟಿಯನ್ನು ಬಿಡಿಸಿಬಿಡೋಣ ಎಂದು ಅವನು ಕುದಿಯುತ್ತಿದ್ದಾಗ ಹೆಂಡತಿ ಒಪ್ಪಲಿಲ್ಲ. ಅದು ಎಲ್ಲರ ಮಕ್ಕಳಿಗೆಂದು ಕಟ್ಟಿದ್ದು, ಅವರಪ್ಪನ ಮನೆ ಗಂಟೇ ಎಂದು ಗದರಿ, ಉಳಿದ ತಾಯಂದಿರನ್ನು ಕಟ್ಟಿಕೊಂಡು ದಿನಾ ಬೆಳಿಗ್ಗೆ ಬಾಗಿಲಲ್ಲಿ ನಿಂತಳು. ಕಾಟ ತಾಳಲಾರದೆ ಟೀಚರಮ್ಮ ಹಾಲಿನ ಬೀಗ ತೆಗೆದಳು. ಮಕ್ಕಳು ಈಗ ಅಲ್ಲೇ ಕೂರುತ್ತವೆ. ಆದರೆ ಗೋಡೆಯ ಮೇಲೆ, ದೊಡ್ಡ ಚೌಕಟ್ಟಿನಲ್ಲಿ, ಆ ದಿನದ ಫೋಟೋ ಇದೆ. ತೆಗೆಯಿರಿ ಎಂದರೆ ಸರ್ಕಾರದ ಆಸ್ತಿ, ಮುಟ್ಟುವ ಹಾಗಿಲ್ಲ ಅನ್ನುತ್ತಾರೆ. ಮಗಳನ್ನು ಬಿಡಲು ಹೋದಾಗೆಲ್ಲ ಸಾಹೇಬರ ಆ ಹಲ್ಲುಗಳನ್ನು ಕಂಡು ಅವನು ಈಗಲೂ ಮುಖ ಸಿಂಡರಿಸುತ್ತಾನೆ.